ಉತಾರದ ಲೆಕ್ಕ, ಗುಮ್ಮಟದ ಸಪ್ಪಳ: ಆನ್‌ಲೈನ್ ಪಾಠ ನಮ್ಮದಾಗೂದು ಹೆಂಗ

ಎಲ್ಲಾರಿಗೂ ನಮಸ್ಕಾರ್ರಿ. ಹಿಂದ ನಿಂತಾವ್ರು ದಯಮಾಡಿ ಮುಂದ ಬರ್ರಿ, ಮೊದಲನೇ ಸಾಲು ಪೂರಾ ಖಾಲಿ ಐತಿ, ಹುಡುಗ್ರಿಗೆ ಮುಂದ ಕುಂದ್ರು ಅಂತ ದಿನಾ ಬೈಯೋ ಮಾಸ್ತರು ತಾವು ಮಾತ್ರ ಗ್ವಾಡಿಗೆ ಹತ್ತಿ ನಿಂತೀರಿ.

ನೋಡ್ರಿ, ಪಾಠ ಸಿಗಂಗಿಲ್ಲ ಅನ್ನೋ ಕಾಲ ಹೋತು. 2001ರಾಗ ಅಮೆರಿಕಾದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠದ ಸಾಮಾನೆಲ್ಲಾ ಪುಕ್ಕಟೆ ನೆಟ್ಟಿಗೆ ಹಾಕ್ತೀವಿ ಅಂತ ಸಾರಿದಾಗ ದೊಡ್ಡ ಸುದ್ದಿ ಆಗಿತ್ತು, ಮರುವರ್ಷ ಯುನೆಸ್ಕೋ ಸಭಾದಾಗ ಇಂಥವಕ್ಕ ಓಪನ್ ಎಜುಕೇಶನಲ್ ರಿಸೋರ್ಸಸ್ ಅಂತ ಹೆಸರಿಟ್ರು, ಪುಸ್ತಕದಾಗ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಬಾಯಾಗ ಬರೇ ಓಇಆರ್. ಈಗ ನಮ್ಮಲ್ಲೇ ಐಐಟಿ, ಐಐಎಸ್‌ಸಿ ಪಾಠದ ಎನ್‌ಪಿಟೆಲ್ ಐತಿ, ಕೇಂದ್ರ ಸರ್ಕಾರದ ಸ್ವಯಂ ಐತಿ, ಸಾಲಿ ಹುಡುಗ್ರಿಗೆ 2017ರಾಗ ಬಂದ ದೀಕ್ಷಾ ಐತಿ, ಪಠ್ಯಪುಸ್ತಕದಾಗಿನ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದ್ರ ವಿಡಿಯೋ ಬರ್ತೈತಿ. ಇಷ್ಟೆಲ್ಲಾ ಇದ್ದೂ ಏಳನೇ ಕ್ಲಾಸಿನ ಹುಡುಗ ಆ ವಿಡಿಯೋ ಎರಡ ನಿಮಿಷ ನೋಡಿ ರೀಲ್ಸ್‌ಗೆ ಹೋಗ್ತಾನ. ಹುಡುಗ ಉಡಾಳ ಅಂತ ಕೈ ತೊಳಕೋಬ್ಯಾಡ್ರಿ. ಆ ಪಾಠದಾಗ ಅವನ ಮನಿ ಇಲ್ಲ, ಹೊಲ ಇಲ್ಲ, ಊರಿಲ್ಲ.

ಭಿನ್ನರಾಶಿ ತಗೋರಿ. ಹೊರಗಿಂದ ಬಂದ ವಿಡಿಯೋದಾಗ ಒಂದು ಪಿಜ್ಜಾ ಇದ್ದೇ ಇರ್ತೈತಿ. ಕನ್ನಡಕ್ಕ ತರೋವಾಗ ನಮ್ಮ ಮಂದಿ ಪಿಜ್ಜಾ ತಗದು ಜೋಳದ ರೊಟ್ಟಿ ಇಡ್ತಾರ, ಆತು, ಲೋಕಲ್ ಆತು ಅಂತಾರ. ಅಲ್ರಿ, ರೊಟ್ಟಿನ ಯಾರರೆ ಎಂಟು ತುಂಡು ಕೊಯ್ದು ಹಂಚ್ತಾರೇನು, ಮುರಕೊಂಡು ತಿಂತಾರ. ಇದು ಬರೇ ಬಣ್ಣಾ ಹಚ್ಚೂದಾತು. ನಮ್ಮ ಮನ್ಯಾಗ ಭಿನ್ನರಾಶಿ ಖರೇನ ಎಲ್ಲಿ ಐತಿ ಅಂದ್ರ ಟ್ರಂಕಿನ್ಯಾಗ ಇಟ್ಟ ಹೊಲದ ಉತಾರದಾಗ, ಅಂದ್ರ ಪಹಣಿದಾಗ ಐತಿ.

ಉತಾರದಾಗ ಕ್ಷೇತ್ರ ಬರಿಯೂದು ಎಕರೆ, ಗುಂಟೆ, ಆಣೆ. 2 ಎಕರೆ 20 ಗುಂಟೆನ ಚುಕ್ಕಿ ಇಟ್ಟು 2.20 ಅಂತ ಬರದಿರ್ತಾರ. ಸಾಲ್ಯಾಗ ದಶಮಾಂಶ ಕಲತ ಹುಡುಗಿ ಅದನ್ನ ಎರಡು ಪಾಯಿಂಟ್ ಎರಡು ಅಂತ ಓದ್ತಾಳ, ಅಪ್ಪ ಸಾಲಿ ಕಟ್ಟಿ ಹತ್ತಿಲ್ಲ, ಅವ ಎರಡೂವರಿ ಎಕರೆ ಅಂತಾನ, ಅಪ್ಪಂದೇ ಖರೆ. ಎಕರೆಕ್ಕ 40 ಗುಂಟೆ, ಗುಂಟೆಕ್ಕ 16 ಆಣೆ. ಇನ್ನ ಇದಕ್ಕ ಬಾಜೂಕಿನ ಸರ್ವೇ ನಂಬರಿನ 1.30 ಕೂಡಸು ಅನ್ರಿ, 3.50 ಅಂತ ಬರದ್ರ ತಪ್ಪು, 4 ಎಕರೆ 10 ಗುಂಟೆ ಆಗ್ತೈತಿ. ಅದನ್ನ ನಾಕು ಮಂದಿ ಅಣ್ಣತಮ್ಮರಿಗೆ ಹಂಚು ಅನ್ರಿ, ಒಬ್ಬೊಬ್ಬಗ 1 ಎಕರೆ 2 ಗುಂಟೆ 8 ಆಣೆ. ನೋಡ್ರಿ, ಭಿನ್ನರಾಶಿ ಬಂತು, ಸ್ಥಾನಬೆಲೆ ಬಂತು, ದಶಮಾಂಶದಾಗ ಚುಕ್ಕಿ ಆದಮ್ಯಾಲ ಹತ್ತರ ಲೆಕ್ಕಾನ ಯಾಕ ಅನ್ನೋ ಪ್ರಶ್ನಿನೂ ಬಂತು, ಈ ಪ್ರಶ್ನಿ ಪಿಜ್ಜಾದಿಂದ ಹುಟ್ಟಂಗಿಲ್ಲ. ಅದರಾಗ ಯಾವಾಕಿನರೆ ಎದ್ದು ಅಕ್ಕತಂಗ್ಯಾರಿಗೆ ಪಾಲಿಲ್ಲೇನ್ರಿ ಅಂತ ಕೇಳಿದ್ಲಂದ್ರ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿಬಿಡ್ರಿ, ಸಮಾಜ ವಿಜ್ಞಾನದ ಒಂದು ಪೀರಿಯಡ್ ಉಳೀತು.

ಇನ್ನೊಂದು, ಪ್ರತಿಧ್ವನಿ. ವಿಡಿಯೋದಾಗ ಯಾವನೋ ಗುಡ್ಡದ ತುದಿಗೆ ನಿಂತು ಹೋ ಅಂತ ಒದರ್ತಾನ. ವಿಜಾಪುರದ ಬಯಲ ಸೀಮಿ ಹುಡುಗ ಅಂಥಾ ಕಣಿವಿ ಎಲ್ಲಿಂದ ತರಬೇಕು? ಅವನ ಊರಾಗ ಗೋಳಗುಮ್ಮಟ ಐತಿ, ಮುಹಮ್ಮದ್ ಆದಿಲ್ ಶಾಹನ ಗೋರಿ, ಟ್ರಿಪ್ಪಿಗೆ ಹೋದ ಪ್ರತಿಯೊಬ್ಬ ಹುಡುಗ ಅದರಾಗ ಒದರಿ ಒದರಿ ಗಂಟಲ ಹರಕೊಂಡು ಬಂದಿರ್ತಾನ, ಖರೆ ಯಾಕ ಹಂಗ ಕೇಳಿಸ್ತೈತಿ ಅಂತ ಯಾರೂ ಹೇಳಿರಂಗಿಲ್ಲ. ಗುಮ್ಮಟದ ಒಳಗಿನ ಅಡ್ಡಳತಿ ಸುಮಾರು 38 ಮೀಟರು. ಮ್ಯಾಲಿನ ಗ್ಯಾಲರಿಯಾಗ ನಿಂತು ಚಪ್ಪಾಳಿ ಹೊಡದ್ರ ಸಪ್ಪಳ ಎದುರಿನ ಗ್ವಾಡಿಗೆ ಹೋಗಿ ವಾಪಸ್ ಬರಾಕ 76 ಮೀಟರು, ಸಪ್ಪಳ ಸೆಕೆಂಡಿಗೆ 340 ಮೀಟರಿನಷ್ಟು ಓಡ್ತೈತಿ, ಅಂದ್ರ 0.22 ಸೆಕೆಂಡು. ನಮ್ಮ ಕಿವಿಗೆ ಎರಡು ಸಪ್ಪಳ ಬ್ಯಾರೆ ಬ್ಯಾರೆ ಕೇಳಬೇಕಂದ್ರ 0.1 ಸೆಕೆಂಡ್ ಅಂತರ ಬೇಕು, ಅದಕ್ಕ ಗ್ವಾಡಿ 17 ಮೀಟರರೆ ದೂರ ಇರಬೇಕು. ಕ್ಲಾಸ್‌ರೂಮಿನ್ಯಾಗ ಯಾಕ ಪ್ರತಿಧ್ವನಿ ಇಲ್ಲ ಅನ್ನೂದನ್ನ ಹುಡುಗ ಆಮ್ಯಾಲ ತಾನೇ ಟೇಪ್ ಹಿಡದು ಅಳದು ಹೇಳ್ತಾನ. ಹೋದ ಸರ್ತಿ ಟ್ರಿಪ್ಪಿನ್ಯಾಗ ಮೊಬೈಲಿನ್ಯಾಗ ರೆಕಾರ್ಡ್ ಮಾಡಿಟ್ಟ ಒಂದು ಚಪ್ಪಾಳಿ ಸಾಕ್ರಿ, ಮೂರು ನಿಮಿಷದ ಪಾಠ ಆಗ್ತೈತಿ.

ಖರೆ ಸಂಸ್ಕೃತಿ ಅಂದಕೂಡ್ಲೆ ಇಳಕಲ್ ಸೀರಿ, ಕರದಂಟು, ಪಟ್ಟದಕಲ್ಲು, ಒಂದು ಹಲಗಿ ಬಾರಿಸೋ ಫೋಟೋ, ಇಷ್ಟಕ್ಕ ನಿಲ್ಲಿಸಿಬಿಡ್ತೀವಿ. ಮನ್ಯಾಗ ಮೊಬೈಲ್ ಯಾರ ಕಿಸೆದಾಗ ಇರ್ತೈತಿ ಅನ್ನೂದೂ ಸಂಸ್ಕೃತಿನೇ ಅಲ್ಲೇನ್ರಿ? ಮುಂಜಾನೆ ಅಪ್ಪ ಹೊಲಕ್ಕೋ ಗಾಡಿ ಮ್ಯಾಲೋ ಹೋಗೋವಾಗ ಅದೂ ಹೋಗ್ತೈತಿ, ರಾತ್ರಿ ಬಂದಮ್ಯಾಲ ಮೊದಲ ಅಣ್ಣನ ಕೈಯಾಗ, ತಂಗಿಗೆ ಸಿಗೂದು ಪಾತ್ರಿ ತಿಕ್ಕಿ ಮುಗಿದಮ್ಯಾಲ, ಅಷ್ಟೊತ್ತಿಗೆ ದಿನದ ಡೇಟಾ ಮುಗದಿರ್ತೈತಿ. ಅಂಥಾಕಿಗೆ ಸಂಜಿ ಆರಕ್ಕ ಲೈವ್ ಕ್ಲಾಸ್ ಇಟ್ರ ಯಾರಿಗೆ ಇಟ್ಟಂಗಾತು? ವಿಜಾಪುರ ಜಿಲ್ಲೆದಿಂದ ಎಷ್ಟೋ ಮನಿತನ ದುಡಿಯಾಕ ಗೋವಾಕ್ಕ, ಮಹಾರಾಷ್ಟ್ರಕ್ಕ ಗುಳೆ ಹೋಗ್ತಾವು, ಹುಡುಗ್ರೂ ಬೆನ್ನಹತ್ತಿ ಹೋಗ್ತಾವು, ಪ್ರತಿ ಐತವಾರ ಅಸೈನ್ಮೆಂಟ್ ಕೊಡಬೇಕು ಅನ್ನೋ ಕೋರ್ಸು ಅವರನ್ನ ಮೊದಲನೇ ತಿಂಗಳದಾಗ ಹೊರಗ ಹಾಕ್ತೈತಿ. ಇಳಿಸಿಟ್ಟುಕೊಂಡು ನೆಟ್ ಇಲ್ಲದ ನೋಡಾಕ ಬರಬೇಕು, ಫೈಲ್ ಸಣ್ಣದಿರಬೇಕು, ಬರೇ ಕೇಳಿದ್ರೂ ತಿಳಿಯೂವಂಗ ಇರಬೇಕು. ಕೋಲಿಬ್ರಿ ಅನ್ನೋ ಫ್ರೀ ಸಾಫ್ಟ್‌ವೇರ್ ಐತಿ, ಸಾಲ್ಯಾಗ ಒಂದು ಹಳೇ ಕಂಪ್ಯೂಟರಿನ್ಯಾಗ ಹಾಕಿದ್ರ ಇಂಟರ್ನೆಟ್ ಇಲ್ಲದನ ವೈಫೈ ಮ್ಯಾಲ ಉಳಿದ ಮೊಬೈಲಿಗೆ ಪಾಠ ಕೊಡ್ತೈತಿ.

ಮತ್ತ ನಮ್ಮ ಸಂಸ್ಕೃತಿ ಅಂದ್ರ ಯಾರದು? ಬೆಳಗಾವಿ ಕಡೆ ಮನ್ಯಾಗ ಮರಾಠಿ, ವಿಜಾಪುರ ಊರಾಗ ಉರ್ದು, ತಾಂಡಾದಾಗ ಲಂಬಾಣಿ. ಹೊಲ ಇಲ್ಲದ ಮನಿ ಹುಡುಗಗ ಉತಾರದ ಲೆಕ್ಕ ಕೊಟ್ರ ಅವನೂ ಪಿಜ್ಜಾ ನೋಡಿದಂಗ ನೋಡ್ತಾನ, ಅವಗ ಕೂಲಿ ಲೆಕ್ಕ ಹಾಕ್ರಿ. ಹಿಂಗಾಗಿ ಬೆಂಗಳೂರಾಗ ಕುಂತು ಇಡೀ ಕರ್ನಾಟಕಕ್ಕ ಹೊಂದೋ ಒಂದು ಪಾಠ ಮಾಡೂದು ಆಗದ ಮಾತು, ಪಾಠ ಯಾರ ಕೈಗೆ ಬಂತೋ ಅವರು ತಿದ್ದಬೇಕು.

ತಿದ್ದಾಕ ಹಕ್ಕು ಐತೇನು? ಇಲ್ಲೇ ಲೈಸೆನ್ಸ್ ಬರೂದು. ಯೂಟ್ಯೂಬಿನ್ಯಾಗ ಪುಕ್ಕಟೆ ನೋಡಾಕ ಸಿಗ್ತೈತಿ ಅಂದ್ರ ತಿದ್ದಾಕ ಸಿಕ್ಕಂಗಲ್ಲ. ಕ್ರಿಯೇಟಿವ್ ಕಾಮನ್ಸ್ ಅಂದ್ರ ಮಾಡಿದಾವ್ರು ತಮ್ಮ ಕೆಲಸಾನ ಬ್ಯಾರೆಯವ್ರು ಹೆಂಗ ಬಳಸಬಹುದು ಅಂತ ಮೊದಲ ಬರದು ಕೊಡೋ ಪರವಾನಗಿ, ಹಂಗ ಬರದಿದ್ರ ಮುಂದಿನ ಎರಡೆರಡು ಅಕ್ಷರ ನೋಡ್ರಿ: ಬಿವೈ ಅಂದ್ರ ಮೂಲದವರ ಹೆಸರು ಹಾಕಿ ಏನ ಬೇಕಾದ್ರೂ ಮಾಡ್ರಿ, ಎಸ್‌ಎ ಇದ್ರ ನೀವು ತಿದ್ದಿದ್ದನ್ನೂ ಹಂಗ ಓಪನ್ ಇಡ್ರಿ, ಎನ್‌ಸಿ ಇದ್ರ ರೊಕ್ಕಾ ಮಾಡಬ್ಯಾಡ್ರಿ, ಎನ್‌ಡಿ ಇದ್ರ ತಿದ್ದಿ ಹಂಚಂಗಿಲ್ಲ, ಕನ್ನಡಕ್ಕ ಅನುವಾದ ಮಾಡಿ ಹಂಚಾಕೂ ಬರಂಗಿಲ್ಲ. ಎನ್‌ಡಿ ಇದ್ದದ್ದನ್ನ ನಾ ಓಇಆರ್ ಅಂತ ಲೆಕ್ಕಕ್ಕ ಹಿಡಿಯಂಗಿಲ್ಲ. 2015ರಾಗ ಪ್ರಥಮ್ ಬುಕ್ಸ್ ಶುರು ಮಾಡಿದ ಮಕ್ಕಳ ಕಥಿ ಜಾಲತಾಣ ಸ್ಟೋರಿವೀವರ್ ಬಿವೈ ಲೈಸೆನ್ಸಿನ್ಯಾಗ ಐತಿ, ಕಥಿ ತಗೊಂಡು ನಿಮ್ಮ ಊರ ಮಾತಿನ್ಯಾಗ ಮಾಡಿ ವಾಪಸ್ ಹಾಕಬಹುದು. ಮಾಸ್ತರಿಗೆ ತರಬೇತಿ ಕೊಡೋ ನಮ್ಮ ರಾಜ್ಯದ ಡಿಎಸ್‌ಇಆರ್‌ಟಿ ಇಲಾಖೆ ಜೋಡಿ ಐಟಿ ಫಾರ್ ಚೇಂಜ್ ಸಂಸ್ಥೆ ಕಟ್ಟಿದ ಕೊಯರ್, ಅಂದ್ರ ಕರ್ನಾಟಕದ ಓಇಆರ್ ವಿಕಿನೂ ಹಂಗ, ಮಾಸ್ತರೇ ಬರದು ಮಾಸ್ತರೇ ತಿದ್ದೂದು.

ಲೈಸೆನ್ಸ್ ಕೊಟ್ರೂ ಫೈಲ್ ಕೊಡದ ಮಂದಿ ನಾವು. ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿ, ಪಿಡಿಎಫ್ ಮಾಡಿ, ಮ್ಯಾಲ ತಮ್ಮ ಫೋಟೋ ಹಾಕಿ ವಾಟ್ಸಾಪ್ ಗ್ರೂಪಿಗೆ ಬಿಡ್ತೀವಿ, ಅದನ್ನ ಕಾಪಿ ಮಾಡಿದ್ರ ಕನ್ನಡ ಹೋಗಿ ಏನೇನೋ ಇಂಗ್ಲಿಷ್ ಅಕ್ಷರ ಬೀಳ್ತಾವು, ಗೂಗಲ್‌ನಾಗ ಹುಡುಕಿದ್ರ ಸಿಗಂಗಿಲ್ಲ. ಯೂನಿಕೋಡಿನ್ಯಾಗ ಟೈಪ್ ಮಾಡ್ರಿ, ವರ್ಡ್ ಫೈಲನ್ನೂ ಕೊಡ್ರಿ. ಯೂಟ್ಯೂಬಿಗೆ ವಿಡಿಯೋ ಹಾಕೋವಾಗ ಕೆಳಗ ಲೈಸೆನ್ಸ್ ಅಂತ ಒಂದು ಆಯ್ಕೆ ಇರ್ತೈತಿ, ಸುಮ್ನ ಬಿಟ್ರ ಸ್ಟ್ಯಾಂಡರ್ಡ್ ಲೈಸೆನ್ಸೇ ಇರ್ತೈತಿ, ಅದನ್ನ ಕ್ರಿಯೇಟಿವ್ ಕಾಮನ್ಸ್ ಮಾಡ್ರಿ.

ಒಂದ ಕಡೆ ಮಾತ್ರ ಕೈ ತಡೀರಿ. ಗುಳೇದಗುಡ್ಡದ ಖಣ ನೇಯೋರ ಮಗ್ಗದ ಮುಂದ ನಿಂತು ವಿಡಿಯೋ ಮಾಡ್ತೀರಿ, ಇಳಕಲ್‌ದಾಗ ಸೀರಿ ಮೈಯ ಉದ್ದನ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ಕೊಂಡಿ ಹಾಕಿ ಕೂಡಸೂದನ್ನ, ಅದಕ್ಕ ತೋಪು ತೆನಿ ಅಂತಾರ, ಹತ್ತಿರದಿಂದ ಶೂಟ್ ಮಾಡ್ತೀರಿ. ಛಲೋ ಪಾಠನೇ ಅದು. ಆದ್ರ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಒಮ್ಮೆ ಕೊಟ್ರ ವಾಪಸ್ ತಗೋಳಾಕ ಬರಂಗಿಲ್ಲ, ನೇಕಾರನ ಸ್ವಂತ ಡಿಸೈನು ನಾಳೆ ಯಾವದೋ ಪವರ್‌ಲೂಮಿನ್ಯಾಗ ಇಳದ್ರ ನೀವು ಏನ ಹೇಳ್ತೀರಿ? ಬೀಸೂಕಲ್ಲಿನ ಪದಾ ಹೇಳೋ ಆಯಿದೂ ಇದೇ ಕಥಿ. ಮೊದಲ ಕೇಳ್ರಿ, ಇದನ್ನ ಜಗತ್ತೆಲ್ಲಾ ನೋಡ್ತೈತಿ, ಬ್ಯಾರೆಯವ್ರು ತಗೊಂಡು ಬದಲಿ ಮಾಡಬಹುದು, ನಡೀತೈತೇನು ಅಂತ. ಬ್ಯಾಡ ಅಂದ್ರ ಕ್ಲಾಸಿನ್ಯಾಗಷ್ಟ ತೋರಿಸ್ರಿ.

ಈಗ ಲ್ಯಾಪ್‌ಟಾಪ್ ತಂದಾವ್ರು ಚಾರ್ಜರ್ ಹಚ್ಚಿಕೊಳ್ರಿ, ಇಲ್ಲದವ್ರು ಅವರ ಬಾಜೂಕ ಕುಂದ್ರಿ. ಕೊಯರ್‌ದಾಗಿನ ಭಿನ್ನರಾಶಿ ಪುಟ ತಗೀರಿ, ಚಾ ಬರೂದರಾಗ ಅದಕ್ಕ ಒಂದು ಉತಾರದ ಲೆಕ್ಕ, ಒಂದು ಕೂಲಿ ಲೆಕ್ಕ ಬರೀರಿ, ಚಾ ಆದಮ್ಯಾಲ ಬಾಜೂಕಿನವ್ರದನ್ನ ತಿದ್ರಿ.