ಕೆಂಪು ಪಟ್ಟಿಯ ಮರದಣಬೆ

ಕೇಳುಗರಿಗೆ ನಮಸ್ಕಾರ. ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕುಮ್ಮು, ಅಂದರೆ ತಿನ್ನುವ ಅಣಬೆ, ಹುಡುಕಿಕೊಂಡು ಕಾಫಿ ತೋಟಕ್ಕಿಳಿಯುವ ನಾವು, ಒಣಗಿದ ನೆರಳುಮರದ ಕಾಂಡಕ್ಕೆ ತಟ್ಟೆಯಂತೆ ಅಂಟಿಕೊಂಡ ಗಟ್ಟಿ ಮರದಣಬೆಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ, ಏಕೆಂದರೆ ಅದು ಸಾರು ಮಾಡಲು ಬರುವುದಿಲ್ಲ. ಅಂಥದೇ ರೂಪದ, ಆದರೆ ದೂರದ ತಂಪುನಾಡಿನ ಒಂದು ಅಣಬೆಯ ಕುರಿತು ಇಂದು ಹೇಳಬೇಕೆಂದಿದ್ದೇನೆ.

ಅದರ ಹೆಸರು ಫೋಮಿಟಾಪ್ಸಿಸ್ ಪಿನಿಕೋಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಓಲೋಫ್ ಸ್ವಾರ್ಟ್ಸ್ 1810ರಲ್ಲಿ ಇದನ್ನು ಮೊದಲು ವರ್ಣಿಸಿದರು. ಯುರೋಪ್ ಮತ್ತು ಏಷ್ಯಾದ ಶೀತವಲಯದಲ್ಲಿ ಸತ್ತ ಸ್ಪ್ರೂಸ್, ಪೈನ್ ಮುಂತಾದ ಸೂಚಿಪರ್ಣಿ (ಸೂಜಿಯಂಥ ಎಲೆಯ) ಮರಗಳ ಮೇಲೆ ಇದು ಹೆಚ್ಚಾಗಿ ಬೆಳೆಯುತ್ತದೆ. ಬೂದುಗಪ್ಪು ಬೆನ್ನು, ಅಂಚಿನ ಬಳಿ ಕಿತ್ತಳೆಗೆಂಪಿನ ಪಟ್ಟಿ, ಅಡಿಯಲ್ಲಿ ಬರಿಗಣ್ಣಿಗೆ ಕಷ್ಟದಿಂದ ಕಾಣುವ ಸೂಕ್ಷ್ಮ ರಂಧ್ರಗಳು. ನಮ್ಮ ಕುಮ್ಮಿನಂತೆ ನಾಲ್ಕು ದಿನದಲ್ಲಿ ಕರಗದೆ ಇದು ಹಲವು ವರ್ಷ ಬದುಕುತ್ತದೆ, ಪ್ರತಿವರ್ಷ ಹಳೆಯ ಪದರದ ಕೆಳಗೆ ಹೊಸ ರಂಧ್ರಪದರವನ್ನು ಕಟ್ಟುತ್ತದೆ.

ನನಗೆ ಅತ್ಯಂತ ಸೋಜಿಗವೆನಿಸುವುದು ಅದರ ದಿಕ್ಕಿನ ಅರಿವು. ಬೀಜಕಗಳು, ಅಂದರೆ ಅಣಬೆ ಹರಡುವ ಧೂಳಿನಂಥ ಕಣಗಳು, ಉದುರಲು ರಂಧ್ರಗಳು ನೇರ ಕೆಳಮುಖವಾಗಿಯೇ ಇರಬೇಕು. ನಿಂತ ಮರ ಗಾಳಿಗೆ ಉರುಳಿದರೆ ಹಳೆಯ ತಟ್ಟೆ ಲಂಬವಾಗಿ ನಿಂತುಬಿಡುತ್ತದೆ, ಆಗ ಅಣಬೆಯ ಹೊಸ ಬೆಳವಣಿಗೆ ತಿರುಗಿ ಮತ್ತೆ ನೆಲಕ್ಕೆ ಮುಖಮಾಡುತ್ತದೆ. ಹಾಗಾಗಿ ಬಿದ್ದ ದಿಮ್ಮಿಯ ಮೇಲಿನ ತಟ್ಟೆಯನ್ನು ನೋಡಿಯೇ, ಅದು ಮರ ಬೀಳುವ ಮೊದಲು ಬೆಳೆದದ್ದೋ ಆಮೇಲಿನದೋ ಎಂದು ಹೇಳಬಹುದು.

ಇನ್ನು ಅದರ ಕೆಲಸ. ಮರದಲ್ಲಿ ಸೆಲ್ಯುಲೋಸ್ ಎಳೆಗಳನ್ನು ಲಿಗ್ನಿನ್ ಎಂಬ ಅಂಟು ಬಿಗಿದು ಹಿಡಿದಿರುತ್ತದೆ. ಆ ಬಿಗುವಿನೊಳಗೆ ಅಣಬೆಯ ಕಿಣ್ವಗಳು ನುಗ್ಗಲಾರವು. ಆದ್ದರಿಂದ ಕಬ್ಬಿಣದ ಅಂಶ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೂಡಿ ಹುಟ್ಟುವ ತೀಕ್ಷ್ಣ ಕಣಗಳಿಂದ ಅಣಬೆ ಮೊದಲು ಎಳೆಗಳನ್ನು ತುಂಡರಿಸುತ್ತದೆ, ಬಳಿಕ ಉಣ್ಣುತ್ತದೆ. ಲಿಗ್ನಿನ್ನಿನ ಬಹುಪಾಲು ಹಾಗೆಯೇ ಉಳಿಯುವುದರಿಂದ ಮರ ಕಂದುಬಣ್ಣಕ್ಕೆ ತಿರುಗಿ, ಚೌಕ ತುಂಡುಗಳಾಗಿ ಬಿರಿದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಇದೇ ಕಂದುಕೊಳೆ. ನಮ್ಮ ತೋಟದ ಅಗಲ ಎಲೆಯ ಮರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಲಿಗ್ನಿನ್ನನ್ನೂ ಕರಗಿಸಿ ಮರವನ್ನು ಬಿಳಿಚಿಸುವ ಬಿಳಿಕೊಳೆ. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಸೂಚಿಪರ್ಣಿಯಲ್ಲ ಎಂಬುದನ್ನು ಇಲ್ಲಿ ನೆನಪಿಸುತ್ತೇನೆ.

ಆ ಕಂದುಪುಡಿ ಶತಮಾನಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲದು. ಅದು ನೀರನ್ನು ಹಿಡಿದಿಡುತ್ತದೆ, ಮತ್ತು ಉತ್ತರದ ಕಾಡುಗಳಲ್ಲಿ ಎಳೆಯ ಸ್ಪ್ರೂಸ್ ಸಸಿಗಳು ಇಂಥ ಕೊಳೆತ ದಿಮ್ಮಿಗಳ ಮೇಲೆಯೇ ಸಾಲಾಗಿ ಬೇರೂರುತ್ತವೆ. ನಮಸ್ಕಾರ.