ಚೀನೀ ಸಂಖ್ಯಾಕ್ಷರಗಳನ್ನು ನೆನಪಿಡುವ ಬಗೆ

ಕೇಳುಗರಿಗೆ ನಮಸ್ಕಾರ. ಬಾನುಲಿಯಲ್ಲಿ ಅಕ್ಷರಗಳನ್ನು ತೋರಿಸಲು ಬರುವುದಿಲ್ಲವಾದ್ದರಿಂದ, ಕಾಗದ ಮತ್ತು ಪೆನ್ಸಿಲು ಕೈಗೆಟಕುವಂತಿದ್ದರೆ ನಾನು ಹೇಳಿದಂತೆ ಬರೆಯುತ್ತ ಬನ್ನಿ.

ಮೊದಲ ಮೂರು ಸಂಖ್ಯೆಗಳಿಗೆ ಉಪಾಯವೇ ಬೇಡ. ಒಂದಕ್ಕೆ ಒಂದು ಅಡ್ಡಗೆರೆ, ಎರಡಕ್ಕೆ ಎರಡು, ಮೂರಕ್ಕೆ ಮೂರು. ಎಲ್ಲದರಲ್ಲೂ ಕೆಳಗಿನ ಗೆರೆಯೇ ಉದ್ದ. ನಾಲ್ಕಕ್ಕೂ ನಾಲ್ಕು ಗೆರೆಗಳಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ, ಮತ್ತು ಮೂರು ಸಾವಿರ ವರ್ಷಗಳ ಹಿಂದೆ, ಶಾಂಗ್ ಅರಸರ ಕಾಲದ ಎಲುಬಿನ ಬರಹಗಳಲ್ಲಿ ಹಾಗೆಯೇ ಇತ್ತು. ಈಗಿನ ನಾಲ್ಕು ಒಂದು ಚೌಕ. ಅದರೊಳಗೆ ಮೇಲಿನಿಂದ ಇಳಿಬಿದ್ದ ಎರಡು ಕಾಲುಗಳು. ಚೌಕದ ಮೇಲಂಚು ಮತ್ತು ಬಲ ಅಂಚನ್ನು ಕೈ ಎತ್ತದೆ ಬರೆಯುವುದರಿಂದ ನಾಲ್ಕಕ್ಕೆ ಒಟ್ಟು ಐದು ಎಳೆತಗಳು. ಐದೆಂಬ ಅಕ್ಷರಕ್ಕಾದರೋ ನಾಲ್ಕೇ ಎಳೆತಗಳು. ಈ ಅದಲುಬದಲನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎರಡೂ ಒಟ್ಟಿಗೆ ನೆನಪಿಗೆ ಬರುತ್ತವೆ.

ಆರು ಮತ್ತು ಎಂಟನ್ನು ಜೋಡಿಯಾಗಿ ಕಲಿಯುವುದು ಲೇಸು. ಮೇಲೊಂದು ಚುಕ್ಕೆ, ಅದರಡಿ ಅಡ್ಡಗೆರೆ, ಅದರ ಕೆಳಗೆ ಒಂದಕ್ಕೊಂದು ತಾಗದೆ ಅಗಲಿಸಿ ನಿಂತ ಎರಡು ಕಾಲುಗಳು: ಇದು ಆರು. ಚುಕ್ಕೆಯನ್ನೂ ಅಡ್ಡಗೆರೆಯನ್ನೂ ತೆಗೆದರೆ ಉಳಿಯುವುದು ಎಂಟು. ಆ ಎರಡು ಎಳೆತಗಳ ಮೂಲ ಭಾವ ಬೇರ್ಪಡಿಸುವುದು; ಇಂದಿಗೂ 'ಹಂಚು' ಎಂಬ ಅಕ್ಷರದಲ್ಲಿ ಮೇಲೆ ಎಂಟು, ಕೆಳಗೆ ಕತ್ತಿ ಇವೆ.

ಹೊಸಬರು ಎಡವುವುದು ಏಳರಲ್ಲಿ ಮತ್ತು ಹತ್ತರಲ್ಲಿ. ಹತ್ತು ನೇರವಾದ ಕೂಡಿಸುವ ಚಿಹ್ನೆ. ಏಳರ ಅಡ್ಡಗೆರೆ ತುಸು ಓರೆ, ಲಂಬಗೆರೆಯ ಬಾಲ ಬಲಕ್ಕೆ ಬಾಗಿದೆ. ಈ ಬಾಲಕ್ಕೆ ಕಾರಣವಿದೆ. ಹಳೆಯ ಬರಹದಲ್ಲಿ ಏಳೇ ಕೂಡಿಸುವ ಚಿಹ್ನೆಯಂತಿತ್ತು, ಹತ್ತು ಬರಿಯ ಲಂಬಗೆರೆಯಾಗಿತ್ತು. ಕಾಲಕ್ರಮದಲ್ಲಿ ಆ ಲಂಬಗೆರೆಯ ನಡುವೆ ಚುಕ್ಕೆ ಬಂದು, ಚುಕ್ಕೆ ಅಡ್ಡಗೆರೆಯಾಗಿ ಬೆಳೆದಾಗ, ಗೊಂದಲ ತಪ್ಪಿಸಲು ಏಳು ತನ್ನ ಬಾಲವನ್ನು ಬಗ್ಗಿಸಬೇಕಾಯಿತು. ಕಲ್ಪಿಸಿಕೊಂಡ ಚಿತ್ರಗಳಿಗಿಂತ ಇಂತಹ ನಿಜವಾದ ಕಾರಣಗಳು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತವೆ ಎಂಬುದು ನನ್ನ ನಂಬಿಕೆ. ಒಂಬತ್ತಕ್ಕೂ ಎರಡೇ ಎಳೆತಗಳು. ಅದರ ಬಾಲದ ತುದಿಯಲ್ಲಿ ಮೇಲ್ಮುಖವಾದ ಕೊಕ್ಕೆಯಿರುವುದನ್ನು ಗಮನಿಸಿದರೆ ಸಾಕು.

ಮುಂದಿನದು ಕೇವಲ ಜೋಡಣೆ. ಹತ್ತು, ಮೂರು ಎಂದು ಬರೆದರೆ 13. ಮೂರು, ಹತ್ತು ಎಂದರೆ 30. ಮೂರು, ಹತ್ತು, ಐದು ಎಂದರೆ 35. ನೂರರ ಅಕ್ಷರವೆಂದರೆ 'ಬಿಳಿ' ಎಂಬುದರ ಮೇಲೊಂದು ಗೆರೆ. ಎರಡರ ಉಚ್ಚಾರವೂ ಒಂದೇ, ದನಿಯ ಏರಿಳಿತ ಮಾತ್ರ ಬೇರೆ. ಹತ್ತರ ನೆತ್ತಿಯ ಮೇಲೆ ಓರೆಗೆರೆಯೊಂದನ್ನು ಇಟ್ಟರೆ ಸಾವಿರ. ಹತ್ತು ಸಾವಿರಕ್ಕೆ 'ವಾನ್' ಎಂಬ ಪ್ರತ್ಯೇಕ ಅಕ್ಷರವಿದ್ದು, ನಮ್ಮ ಲಕ್ಷ ಅಲ್ಲಿ ಹತ್ತು ವಾನ್, ಕೋಟಿ ಸಾವಿರ ವಾನ್ ಆಗುತ್ತದೆ. ಲಕ್ಷ ಕೋಟಿಗಳಲ್ಲಿ ಎಣಿಸುವ ನಾವು ಇಲ್ಲಿ ನಿಧಾನಿಸಬೇಕಾಗುತ್ತದೆ.

ತಿಂಗಳುಗಳಿಗೆ ಅಲ್ಲಿ ಒಂದರಿಂದ ಹನ್ನೆರಡರವರೆಗಿನ ಸಂಖ್ಯೆಗಳೇ ಹೆಸರು, ಸೋಮವಾರದಿಂದ ಶನಿವಾರದವರೆಗೂ ಹಾಗೆಯೇ. ಆದ್ದರಿಂದ ಅಭ್ಯಾಸಕ್ಕೆ ಕ್ಯಾಲೆಂಡರಿಗಿಂತ ಒಳ್ಳೆಯ ಪುಸ್ತಕವಿಲ್ಲ. ಬ್ಯಾಂಕಿನ ಚೆಕ್ಕುಗಳ ಮಟ್ಟಿಗೆ ಮಾತ್ರ ಈ ಉಪಾಯಗಳು ನಡೆಯವು. ಒಂದಕ್ಕೆ ಗೆರೆ ಸೇರಿಸಿ ಎರಡನ್ನೋ ಹತ್ತನ್ನೋ ಮಾಡಿಬಿಡುವ ಮೋಸವನ್ನು ತಡೆಯಲು ಅಲ್ಲಿ ಹೆಚ್ಚು ಎಳೆತಗಳ ಬೇರೆಯೇ ಅಕ್ಷರಗಳನ್ನು ಬಳಸುತ್ತಾರೆ. ಕಲಿಕೆಯ ಆರಂಭದಲ್ಲಿ ಅವುಗಳಿಗೆ ಕೈಹಾಕುವ ಅಗತ್ಯವಿಲ್ಲ. ನಮಸ್ಕಾರ.