ಮಗುವಿನ ಕಡೆ ಕಣ್ಣು ತಿರುಗಿಸುವ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ಮಂಡ್ಯ, ನಂಜನಗೂಡು, ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಬಂದವರಿದ್ದೀರಿ. ಮಕ್ಕಳನ್ನು ಜೊತೆಗೇ ಕರೆತಂದವರೂ ಇದ್ದೀರಿ. ಮಕ್ಕಳು ಎದ್ದು ಓಡಾಡಲಿ, ಕೂಗಲಿ, ಅದಕ್ಕಾಗಿ ಯಾರೂ ಪಕ್ಕದವರ ಮುಖ ನೋಡಿ ಮುಜುಗರ ಪಡಬೇಡಿ. ಮೈಕಿನ ಸದ್ದು ಹಿಂಸೆಯಾದರೆ ಹೊರಗೆ ಮರದ ಕೆಳಗೆ ಕುರ್ಚಿ ಹಾಕಿಸಿದ್ದೇವೆ.

ನಾನು ಮೈಸೂರಿನಲ್ಲಿ ವಿಶೇಷ ಮಕ್ಕಳಿಗೆ ಪಾಠ ಮಾಡುವವಳು. ಮಗುವಿಗೆ ಆಟಿಸಂ ಇದೆ, ಅಂದರೆ ಮೆದುಳಿನ ಬೆಳವಣಿಗೆ ಬೇರೆ ರೀತಿ ಇದ್ದು ಮಾತು, ಬೆರೆಯುವುದು, ವರ್ತನೆ ಬೇರೆ ಥರ ಇದೆ ಅಂತ ರಿಪೋರ್ಟ್ ಕೈಗೆ ಬಂದ ಕೂಡಲೇ ಅಪ್ಪ ಅಮ್ಮ ಬಂದು ಕೇಳುತ್ತಾರೆ, "ಮೇಡಂ, ಯಾವ ಪುಸ್ತಕ ಓದಬೇಕು ಹೇಳಿ." ಒಂದೇ ಉಸಿರಿಗೆ ಹತ್ತು ಹೆಸರು ಹೇಳಬಹುದು. ಆದರೆ ಆ ಹೊತ್ತಿನಲ್ಲಿ ಅವರಿಗೆ ಸರಿಯಾಗಿ ನಿದ್ದೆ ಬಂದಿರುವುದಿಲ್ಲ, ಊಟ ಸೇರಿರುವುದಿಲ್ಲ, ಹತ್ತು ಪುಸ್ತಕ ತಗೊಂಡು ಏನು ಮಾಡುತ್ತಾರೆ? ಹಾಗಾಗಿ ನಾನು ಒಂದು ಅಳತೆ ಹೇಳುತ್ತೇನೆ. ಪುಸ್ತಕ ಮುಚ್ಚಿಟ್ಟ ಮೇಲೆ ನಿಮ್ಮ ಕಣ್ಣು ನಿಮ್ಮ ಮಗುವಿನ ಕಡೆ ತಿರುಗಬೇಕು. ಅದು ಯಾಕೆ ಹಾಗೆ ಮಾಡುತ್ತೆ ಅಂತ ನೋಡುವ ಆಸೆ ಹುಟ್ಟಬೇಕು. ಮುಚ್ಚಿಟ್ಟ ಮೇಲೆ ಬರೀ ಹೆದರಿಕೆ ಉಳಿದರೆ, "ನನ್ನಿಂದಲೇ ಹೀಗಾಯ್ತು" ಅನ್ನುವ ಸಂಕಟ ಉಳಿದರೆ, ಬರೆದವರು ಎಷ್ಟೇ ದೊಡ್ಡವರಿರಲಿ, ಆ ಪುಸ್ತಕ ಬೇಡ.

ಈ ಮಾತು ಸುಮ್ನೆ ಹೇಳುತ್ತಿಲ್ಲ. ಪುಸ್ತಕದಿಂದಲೇ ತಾಯಂದಿರಿಗೆ ಆದ ಅನ್ಯಾಯ ಒಂದಿದೆ. 1943ರಲ್ಲಿ ಲಿಯೋ ಕ್ಯಾನರ್ ಅನ್ನುವ ವೈದ್ಯರು ಆಟಿಸಂ ಇರುವ ಮಕ್ಕಳ ಬಗ್ಗೆ ಮೊದಲ ಸಲ ವಿವರವಾಗಿ ಬರೆದರು. ಆಮೇಲಿನ ವರ್ಷಗಳಲ್ಲಿ, ತಾಯಿ ಪ್ರೀತಿ ತೋರಿಸದೆ ತಣ್ಣಗಿದ್ದರೆ ಮಗು ಹೀಗಾಗುತ್ತೆ ಅನ್ನುವ ಮಾತು ಬೆಳೆಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ 'ದಿ ಎಂಪ್ಟಿ ಫೋರ್ಟ್ರೆಸ್' ಆ ಮಾತನ್ನು ಮನೆಮನೆಗೆ ಮುಟ್ಟಿಸಿತು. ಎಷ್ಟೋ ತಾಯಂದಿರು ಇಲ್ಲದ ಅಪರಾಧ ಹೊತ್ತುಕೊಂಡು ಬದುಕಿದರು. ಅದಕ್ಕೂ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಇದು ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟದ್ದು, ತಾಯಿಯ ತಪ್ಪಲ್ಲ ಅಂತ ಪುಸ್ತಕ ಬರೆದು ವಾದಿಸಿದ್ದರು. ಅವರ ಮಗನಿಗೇ ಆಟಿಸಂ ಇತ್ತು. ಇದೇ ರಿಮ್‌ಲ್ಯಾಂಡ್ ಮುಂದೆ ದೊಡ್ಡ ಪ್ರಮಾಣದ ವಿಟಮಿನ್ ಕೊಡುವುದನ್ನು ಬಲವಾಗಿ ಬೆಂಬಲಿಸಿದರು, ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಒಂದು ವಿಷಯದಲ್ಲಿ ಸರಿ ಇದ್ದವರು ಎಲ್ಲದರಲ್ಲೂ ಸರಿ ಇರಬೇಕು ಅಂತಿಲ್ಲ, ಅಲ್ವಾ?

ಆ ಹಳೆಯ ಮಾತು ಇವತ್ತೂ ನಮ್ಮ ಬೀದಿಗಳಲ್ಲಿ ಓಡಾಡುತ್ತಿದೆ. "ಅವಳು ಕೆಲಸಕ್ಕೆ ಹೋದಳು, ಮೊಬೈಲ್ ಕೊಟ್ಟು ಕೂರಿಸಿದಳು, ಅದಕ್ಕೇ ಮಗು ಮಾತಾಡಲ್ಲ." ಅತ್ತೆಯಿಂದ, ಪಕ್ಕದ ಮನೆಯವರಿಂದ, ಕೆಲವು ಸಲ ಗಂಡನಿಂದಲೇ ಈ ಮಾತು ಕೇಳಿ ಅತ್ತ ತಾಯಂದಿರು ಈ ಸಭೆಯಲ್ಲೂ ಇದ್ದೀರಿ. ನಿಮ್ಮ ಸಾಕಣೆಯಿಂದ ಆಟಿಸಂ ಬಂದಿಲ್ಲ. ಮೊಬೈಲ್ ಕಡಿಮೆ ಮಾಡಿ, ಅದು ಎಲ್ಲ ಮಕ್ಕಳಿಗೂ ಒಳ್ಳೆಯದು, ಆದರೆ ತಪ್ಪು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಸರಿ, ಈಗ ಓದಬೇಕಾದವು. ಒಂದೇ ಒಂದು ಪುಸ್ತಕ ಓದುತ್ತೇನೆ ಅನ್ನುವವರಿಗೆ ನಾನು ಹೇಳುವುದು ಬ್ಯಾರಿ ಪ್ರಿಜಾಂಟ್ ಅವರ 'ಯುನೀಕ್ಲಿ ಹ್ಯೂಮನ್'. 2015ರಲ್ಲಿ ಬಂತು, ಇಂಗ್ಲಿಷ್ ಸುಲಭವಾಗಿದೆ. ಮಗುವಿನ ವರ್ತನೆ ಕಂಡ ತಕ್ಷಣ ಅದನ್ನು ನಿಲ್ಲಿಸಲು ಹೋಗಬೇಡಿ, ಮೊದಲು ಯಾಕೆ ಅಂತ ಕೇಳಿಕೊಳ್ಳಿ ಅನ್ನುವುದು ಅದರ ತಿರುಳು. ಪ್ರಿಜಾಂಟ್ ಬಹಳ ವರ್ಷ ಅಧ್ಯಯನ ಮಾಡಿದ್ದು ಮಕ್ಕಳು ಕೇಳಿದ ಮಾತನ್ನೇ ತಿರುಗಿ ಹೇಳುವ ಅಭ್ಯಾಸವನ್ನು, ಎಕೊಲೇಲಿಯಾ ಅನ್ನುತ್ತಾರಲ್ಲ, ಅದನ್ನು. ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತೆ. "ನೀರು ಬೇಕಾ?" ಅಂತ ನಾವು ಕೇಳುತ್ತೇವೆ, ಮಗು "ನೀರು ಬೇಕಾ" ಅನ್ನುತ್ತೆ. ಅರ್ಥವಿಲ್ಲದ ಗಿಳಿಪಾಠ ಅಂದುಕೊಂಡು ನಾವು ಗದರುತ್ತೇವೆ. ಆದರೆ ಎಷ್ಟೋ ಸಲ ಆ "ನೀರು ಬೇಕಾ" ಅಂದರೆ "ನನಗೆ ನೀರು ಬೇಕು" ಅಂತಲೇ. ಆ ಇಡೀ ಮಾತು ಬಂದಾಗೆಲ್ಲ ನೀರು ಸಿಕ್ಕಿದೆ, ಹಾಗಾಗಿ ಅದು ನೀರಿನ ಮಾತು ಅಂತ ಮಗು ಹಿಡಿದಿಟ್ಟುಕೊಂಡಿದೆ. ಇದು ತಿಳಿದ ಮೇಲೆ ನೀವು ಲೋಟ ಕೈಗೆ ಕೊಡುತ್ತಾ, ಮಗುವಿನ ಪರವಾಗಿ "ನೀರು ಬೇಕು" ಅಂತ ನಿಧಾನವಾಗಿ ಹೇಳಿಕೊಡಬಹುದು. ಗದರಿಕೆ ಇದ್ದ ಜಾಗದಲ್ಲಿ ಪಾಠ ಬಂತು.

ಇನ್ನೂ ಮಾತು ಬಾರದ ಪುಟ್ಟ ಮಕ್ಕಳಿದ್ದರೆ ಫರ್ನ್ ಸಸ್ಮನ್ ಬರೆದ 'ಮೋರ್ ದ್ಯಾನ್ ವರ್ಡ್ಸ್'. ಕೆನಡಾದ ಹ್ಯಾನನ್ ಸೆಂಟರ್ ಪ್ರಕಟಣೆ. ಬೆಲೆ ಜಾಸ್ತಿ, ಒಬ್ಬೊಬ್ಬರೇ ಕೊಳ್ಳಬೇಡಿ, ನಾಲ್ಕು ಮನೆಯವರು ಸೇರಿ ಒಂದು ತರಿಸಿ. ಚಿತ್ರಗಳೇ ಜಾಸ್ತಿ ಇವೆ. ನೋಡು, ಕಾಯಿ, ಕೇಳು ಅನ್ನುವ ಮೂರು ಹೆಜ್ಜೆಯನ್ನು ಅದು ಕಲಿಸುತ್ತೆ. ಇವುಗಳಲ್ಲಿ ನಮಗೆ ಬಹಳ ಕಷ್ಟ ಕಾಯುವುದು. ಮಗು ಬಿಸ್ಕತ್ ಡಬ್ಬಿ ಕಡೆ ನೋಡಿದ ತಕ್ಷಣ ಅಜ್ಜಿ ಡಬ್ಬಿ ತೆಗೆದು ಬಾಯಿಗೇ ಇಟ್ಟುಬಿಡುತ್ತಾರೆ, ಪ್ರೀತಿಯಿಂದಲೇ. ಒಂದೈದು ಸೆಕೆಂಡ್ ಕಾದರೆ ಮಗು ಕೈ ಚಾಚಬಹುದು, ನಿಮ್ಮ ಮುಖ ನೋಡಬಹುದು, ಒಂದು ಸದ್ದು ಮಾಡಬಹುದು. ಅದು ಕೇಳುವುದೇ ಆಯ್ತು. ಇದೇ ದಾರಿಯ ಇನ್ನೊಂದು ಪುಸ್ತಕ ಸ್ಯಾಲಿ ರೋಜರ್ಸ್, ಜೆರಾಲ್ಡಿನ್ ಡಾಸನ್ ಮತ್ತು ಲಾರಿ ವಿಸ್ಮಾರಾ ಸೇರಿ ಬರೆದ 'ಆ್ಯನ್ ಅರ್ಲಿ ಸ್ಟಾರ್ಟ್ ಫಾರ್ ಯುವರ್ ಚೈಲ್ಡ್ ವಿತ್ ಆಟಿಸಂ'. ಸ್ನಾನ, ಊಟ, ಬಟ್ಟೆ ಹಾಕುವಾಗಲೇ ಕಲಿಸುವುದು ಹೇಗೆ ಅಂತ ಹೇಳುತ್ತದೆ, ಕೆಲಸ ಬಿಟ್ಟು ಕೂತು ಪಾಠ ಮಾಡಲಾಗದ ಅಮ್ಮಂದಿರಿಗೆ ಇದು ಉಪಯೋಗ.

ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುವುದು, ಯೂನಿಫಾರ್ಮ್ ಕಾಲರಿನ ಲೇಬಲ್ ಚುಚ್ಚುತ್ತೆ ಅಂತ ಅಂಗಿಯನ್ನೇ ಕಿತ್ತೆಸೆಯುವುದು, ತಲೆಗೆ ಎಣ್ಣೆ ಹಚ್ಚಲು ಬಿಡದಿರುವುದು, ಇವೆಲ್ಲ ಹಟ ಅಲ್ಲ ಅಂತ ಮನೆಯವರಿಗೆ ತಿಳಿಸಬೇಕಾದರೆ ಕ್ಯಾರಲ್ ಕ್ರಾನೊವಿಟ್ಜ್ ಅವರ 'ದಿ ಔಟ್ ಆಫ್ ಸಿಂಕ್ ಚೈಲ್ಡ್' ಇದೆ. ಅವರು ಶಿಶುವಿಹಾರದ ಟೀಚರ್ ಆಗಿದ್ದವರು, ಅದಕ್ಕೇ ಉದಾಹರಣೆಗಳು ನಮಗೆ ಪರಿಚಿತ ಅನ್ನಿಸುತ್ತವೆ. ಅದರಲ್ಲಿ ಹೇಳುವ 'ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್' ಅನ್ನುವ ಪ್ರತ್ಯೇಕ ಕಾಯಿಲೆಯನ್ನು, ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಡಿಎಸ್‌ಎಂ-5 ಪಟ್ಟಿ ಒಪ್ಪಿಲ್ಲ. ಆದರೆ 2013ರ ಅದೇ ಪಟ್ಟಿಯಲ್ಲಿ, ಸದ್ದು, ಸ್ಪರ್ಶ, ಬೆಳಕಿಗೆ ಜಾಸ್ತಿ ಅಥವಾ ಕಡಿಮೆ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ್ದಾರೆ.

ಆಟಿಸಂ ಇರುವವರೇ ಬರೆದ ಪುಸ್ತಕ ಒಂದಾದರೂ ಓದಿ. ಟೆಂಪಲ್ ಗ್ರಾಂಡಿನ್ ಮೂರೂವರೆ ವರ್ಷದವರೆಗೆ ಮಾತಾಡಿರಲಿಲ್ಲ, ಮುಂದೆ ಪಶುವಿಜ್ಞಾನದ ಪ್ರೊಫೆಸರ್ ಆದರು. 1995ರ 'ಥಿಂಕಿಂಗ್ ಇನ್ ಪಿಕ್ಚರ್ಸ್'ನಲ್ಲಿ ತಾವು ಚಿತ್ರಗಳಲ್ಲೇ ಯೋಚಿಸುವುದನ್ನು ಹೇಳುತ್ತಾರೆ. ಆಟಿಸಂ ಇರುವ ಎಲ್ಲರೂ ಹಾಗೇ ಯೋಚಿಸುತ್ತಾರೆ ಅಂತ ಮೊದಲು ಅಂದುಕೊಂಡಿದ್ದ ಅವರು, ಅದು ಸರಿಯಲ್ಲ ಅಂತ ನಂತರದ ಆವೃತ್ತಿಯಲ್ಲಿ ತಾವೇ ತಿದ್ದಿಕೊಂಡರು. ಆ ತಿದ್ದುಪಡಿ ನನಗೆ ಇಷ್ಟ. ಜಪಾನಿನ ನಾವೊಕಿ ಹಿಗಾಶಿದಾ ಹದಿಮೂರನೇ ವಯಸ್ಸಿನಲ್ಲಿ ಬರೆದ 'ದಿ ರೀಸನ್ ಐ ಜಂಪ್' ಕೂಡ ಬಹಳ ಜನ ಓದಿದ ಪುಸ್ತಕ. ಅಕ್ಷರ ತೋರಿಸುತ್ತಾ, ಇನ್ನೊಬ್ಬರ ನೆರವಿನೊಂದಿಗೆ ಅದು ಬಂದ ರೀತಿಯ ಬಗ್ಗೆ ತಜ್ಞರಲ್ಲಿ ವಾದವಿದೆ, ಅದನ್ನು ತಿಳಿದೇ ಓದಿ. ಯಾರ ಪುಸ್ತಕವೇ ಆದರೂ ಅದು ಅವರ ಕಥೆ. ನಿಮ್ಮ ಮಗು ಗ್ರಾಂಡಿನ್ ಆಗಬೇಕು ಅಂತ ಇಲ್ಲ.

ಇನ್ನು ನನಗೆ ಬಹಳ ಪ್ರೀತಿಯ ಪುಸ್ತಕ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಪೋಲಿಯೋ, ಬುದ್ಧಿಮಾಂದ್ಯ ಇರುವ ಮಕ್ಕಳ ಮನೆಯವರು, ಅದರಲ್ಲೂ ಹಳ್ಳಿಯವರು, ದಯವಿಟ್ಟು ಇದನ್ನು ನೋಡಿ. ಡೇವಿಡ್ ವರ್ನರ್ ಅವರ 'ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್', 1987ರದು. ಮೆಕ್ಸಿಕೋದ ಒಂದು ಹಳ್ಳಿಯಲ್ಲಿ, ಅಂಗವಿಕಲರೇ ನಡೆಸುತ್ತಿದ್ದ ಪ್ರೊಹಿಮೊ ಅನ್ನುವ ಕೇಂದ್ರದ ಕೆಲಸದಿಂದ ಹುಟ್ಟಿದ್ದು. ಬಿದಿರು, ಹಳೇ ಟೈರು, ರಟ್ಟು, ಹಗ್ಗ ಇಟ್ಟುಕೊಂಡು ಮಗುವಿಗೆ ಕೂರುವ ಕುರ್ಚಿ, ನಿಲ್ಲುವ ಚೌಕಟ್ಟು, ನಡೆಯಲು ಆಸರೆ ಮಾಡುವುದನ್ನು ಗೆರೆಚಿತ್ರ ಹಾಕಿ ತೋರಿಸಿದ್ದಾರೆ. ಇಂಗ್ಲಿಷ್ ಬಾರದಿದ್ದರೂ ಚಿತ್ರ ನೋಡಿ ನಿಮ್ಮ ಊರಿನ ಬಡಗಿ ಮಾಡಿಕೊಡಬಹುದು. ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಅಳತೆ ಕೇಳಿಕೊಳ್ಳಿ, ತಪ್ಪು ಅಳತೆಯ ಕುರ್ಚಿ ಬೆನ್ನಿಗೆ ತೊಂದರೆ ಕೊಡುತ್ತೆ. ಹೆಸ್ಪೇರಿಯನ್ ಸಂಸ್ಥೆಯ ಜಾಲತಾಣದಲ್ಲಿ ಈ ಪುಸ್ತಕ ಉಚಿತವಾಗಿ ಸಿಗುತ್ತೆ.

"ಎಲ್ಲಾ ಇಂಗ್ಲಿಷೇ ಹೇಳ್ತೀರಲ್ಲ ಮೇಡಂ" ಅಂತ ಹಿಂದಿನ ಸಾಲಿನಿಂದ ಒಬ್ಬರು ಹೇಳಿದರು. ನಿಜ, ಇದು ನನಗೂ ನೋವಿನ ವಿಷಯ. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಎಷ್ಟೋ ಪುಸ್ತಕ ಬರೆದಿದ್ದಾರೆ, ಜನ ಓದಿದ್ದಾರೆ. ಆಟಿಸಂ ಬಗ್ಗೆ ಮನೆಯಲ್ಲಿ ಇಟ್ಟುಕೊಂಡು ದಿನಾ ತಿರುವುವಂಥ ಕನ್ನಡ ಪುಸ್ತಕಗಳು ಇನ್ನೂ ಬಹಳ ಬೇಕು. ಸದ್ಯಕ್ಕೆ ನಮ್ಮ ಊರಲ್ಲೇ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರದ ರಾಜ್ಯಗಳವರು ಹುಡುಕಿಕೊಂಡು ಬರುವ ಜಾಗ. ಅಲ್ಲಿಗೆ ಹೋದಾಗ ಕನ್ನಡದ ಮಾಹಿತಿ ಕರಪತ್ರಗಳನ್ನು ಕೇಳಿ ತನ್ನಿ. ಇನ್ನೊಂದು ಮಾತು, ಮಗು ಮಾತು ಕಲಿಯಲಿ ಅಂತ ಮನೆಯಲ್ಲಿ ಕನ್ನಡ ಬಿಟ್ಟು ತೊದಲು ಇಂಗ್ಲಿಷ್ ಶುರು ಮಾಡಬೇಡಿ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ನಿಮಗೆ ಪ್ರೀತಿ ಮಾಡಲು, ಹಾಡಲು, ರೇಗಲು ಯಾವ ಭಾಷೆ ಬರುತ್ತೋ ಅದರಲ್ಲೇ ಮಾತಾಡಿ.

ಕನ್ನಡದಲ್ಲಿ ಇಲ್ಲದ ಪುಸ್ತಕ ನೀವೇ ಮಾಡಬಹುದು. ಅಮೆರಿಕದ ಟೀಚರ್ ಕ್ಯಾರಲ್ ಗ್ರೇ 1990ರ ದಶಕದ ಶುರುವಿನಲ್ಲಿ ಸೋಷಿಯಲ್ ಸ್ಟೋರಿ ಅನ್ನುವ ಪದ್ಧತಿ ರೂಪಿಸಿದರು. ಮಗುವಿಗೆ ಗಾಬರಿ ಹುಟ್ಟಿಸುವ ಒಂದು ಸಂದರ್ಭವನ್ನು ಮೊದಲೇ ಪುಟ್ಟ ಕಥೆಯಾಗಿ ತೋರಿಸುವುದು. ನಮ್ಮ ದಸರಾ ಆನೆಗಳಿಗೆ ಜಂಬೂಸವಾರಿಗೆ ಮುಂಚೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ, ಆ ದಿನ ಬೆಚ್ಚಬಾರದು ಅಂತ. ಮಗುವನ್ನು ಮಾತ್ರ ಯಾವ ತಾಲೀಮೂ ಇಲ್ಲದೆ ಆ ಜನಜಂಗುಳಿ, ಆ ಲೈಟು, ಆ ಬ್ಯಾಂಡಿನ ಮಧ್ಯೆ ನಿಲ್ಲಿಸಿಬಿಡುತ್ತೇವೆ.

ಎಂಟು ಹಾಳೆಯ ನೋಟ್‌ಬುಕ್ ಸಾಕು. ಒಂದು ಪುಟಕ್ಕೆ ಒಂದು ಫೋಟೋ, ಒಂದು ಸಾಲು. "ನಾವು ದಸರಾ ವಸ್ತುಪ್ರದರ್ಶನಕ್ಕೆ ಹೋಗುತ್ತೇವೆ." "ಅಲ್ಲಿ ತುಂಬಾ ಜನ ಇರುತ್ತಾರೆ." "ಮೈಕ್ ಜೋರಾಗಿ ಕೇಳಿಸುತ್ತೆ." "ಸದ್ದು ಜಾಸ್ತಿಯಾದರೆ ನಾನು ಕಿವಿ ಮುಚ್ಚಿಕೊಳ್ಳಬಹುದು." "ಅಪ್ಪನ ಕೈ ಎಳೆದರೆ ಅಪ್ಪ ಹೊರಗೆ ಕರೆದುಕೊಂಡು ಹೋಗುತ್ತಾರೆ." "ಆಮೇಲೆ ಮನೆಗೆ ಬರುತ್ತೇವೆ." ಫೋಟೋ ನಿಮ್ಮದೇ ಇರಲಿ, ನೆಟ್‌ನಿಂದ ತೆಗೆದದ್ದು ಬೇಡ. ಹಾಗೆ ಮಾಡು, ಹೀಗೆ ಮಾಡಬೇಡ ಅನ್ನುವ ಸಾಲು ಕಡಿಮೆ ಇರಲಿ, ಅಲ್ಲಿ ಏನಿರುತ್ತೆ ಅಂತ ಹೇಳುವ ಸಾಲು ಜಾಸ್ತಿ ಇರಲಿ. ಮತ್ತೆ, ಬರೆದದ್ದನ್ನು ನಡೆಸಿಕೊಡಬೇಕು. ಕೈ ಎಳೆದರೆ ಹೊರಗೆ ಹೋಗುತ್ತೇವೆ ಅಂತ ಬರೆದು, ಆ ದಿನ "ಇನ್ನೊಂದು ಹತ್ತು ನಿಮಿಷ ಇರೋ" ಅಂದರೆ ಆ ಪುಸ್ತಕವನ್ನು ಮಗು ಮತ್ತೆ ಯಾಕೆ ನಂಬಬೇಕು? ಮಂಡ್ಯ ಕಡೆಯ ಒಬ್ಬ ತಾಯಿ ಕ್ಷೌರದ ಅಂಗಡಿಗೆ ಇಂಥದೊಂದು ಪುಸ್ತಕ ಮಾಡಿದರು. ಅಂಗಡಿಯವರನ್ನೇ ಕೇಳಿ ಕತ್ತರಿ, ಬಾಚಣಿಗೆ, ಕುರ್ಚಿಯ ಫೋಟೋ ತೆಗೆದುಕೊಂಡರು. ಮಗ ಈಗಲೂ ಅಲ್ಲಿ ಕೂಗುತ್ತಾನೆ, ಆದರೆ ಕುರ್ಚಿ ಹತ್ತುತ್ತಾನೆ, ಕೊನೆಯ ಪುಟ ಬರುವವರೆಗೆ ಕೂರುತ್ತಾನೆ.

ಅಣ್ಣ, ಅಕ್ಕ, ತಂಗಿಯರನ್ನು ಮರೆಯಬೇಡಿ. ಅವರಿಗೆ ಓದಿ ಹೇಳಲು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ. ತೂಲಿಕಾ ಪ್ರಕಾಶನದ 'ಕ್ಯಾಚ್ ದಟ್ ಕ್ಯಾಟ್'ನಲ್ಲಿ ಗಾಲಿಕುರ್ಚಿಯಲ್ಲಿರುವ ತುಂಟ ಹುಡುಗಿ ಬೆಕ್ಕಿನ ಹಿಂದೆ ಬೀಳುತ್ತಾಳೆ. ಅಯ್ಯೋ ಪಾಪ ಅನ್ನುವ ಮಾತೇ ಇಲ್ಲ, ಅದಕ್ಕೇ ಅದನ್ನು ಹೇಳಿದೆ.

ಗುಣ ಮಾಡುತ್ತೇವೆ ಅಂತ ಮಾತು ಕೊಡುವ ಪುಸ್ತಕ, ವಿಡಿಯೋ, ಜಾಹೀರಾತು ಇವುಗಳಿಂದ ದೂರ ಇರಿ. ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನುವ ಹೆದರಿಕೆ ಹುಟ್ಟಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಲಸಿಕೆ ತಪ್ಪಿಸಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ, ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಅದನ್ನು ಚಿಕಿತ್ಸೆಯಾಗಿ ಒಪ್ಪಿಲ್ಲ. ಜಮೀನು ಅಡವಿಟ್ಟು ಅಲ್ಲಿಗೆ ಹೋಗಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಒಂದು. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಅಂತ ಪ್ರಮಾಣಪತ್ರ ಸಿಕ್ಕ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಇನ್ನೂ ಮಾಡಿಸದವರು ಇವತ್ತು ಹೋಗುವ ಮುಂಚೆ ನನ್ನನ್ನು ಕಾಣಿ, ಅರ್ಜಿ ಹಾಕುವುದು ಹೇಗೆ ಅಂತ ತೋರಿಸುತ್ತೇನೆ. ನಾನು ಹೇಳಿದ ಪುಸ್ತಕಗಳು ಬಾಗಿಲ ಪಕ್ಕದ ಟೇಬಲ್ ಮೇಲಿವೆ. ವರ್ನರ್ ಪುಸ್ತಕದ ಕುರ್ಚಿಯ ಪುಟಗಳನ್ನು ಜೆರಾಕ್ಸ್ ಮಾಡಿಸಿಟ್ಟಿದ್ದೇನೆ, ಬೇಕಾದವರು ತಗೊಳ್ಳಿ. ಪ್ರಶ್ನೆ ಇದ್ದವರು ಕೇಳಿ, ಮಂಡ್ಯ ಬಸ್ಸು ಹಿಡಿಯಬೇಕಾದವರು ಮೊದಲು ಕೇಳಿ.